‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯಲ್ಲಿ ಬೆಟ್ಟ, ಹೊಳೆ, ಮಳೆ

ಯುದ್ಧಕಥೆಗಳಲ್ಲಿ ನಿಸರ್ಗಕ್ಕಿರುವ ಸ್ಥಾನವು ಮಿಕ್ಕ ಕಥೆಗಳಲ್ಲಿರುವಂಥದಲ್ಲ. ಗೃಹಜೀವನವನ್ನು ಚಿತ್ರಿಸುವ ಕಾದಂಬರಿಯಲ್ಲಿ ಬೆಟ್ಟವೆಂಬುದು ಬಹುಮಟ್ಟಿಗೆ ಕಿಟಕಿಯಾಚೆಯ ನೋಟ. ಸೈನಿಕನಿಗಾದರೋ ಅದು ಹತ್ತಬೇಕಾದ, ಹಿಡಿಯಬೇಕಾದ, ಇಲ್ಲವೆ ಬಿಟ್ಟಿಳಿಯಬೇಕಾದ ನೆಲ. ಅವನಿಗೆ ಹೊಳೆಯೆಂದರೆ ಸೇತುವೆಯ ಚಿಂತೆ, ಮಳೆಯೆಂದರೆ ಕೆಸರಿನ ಚಿಂತೆ, ಹಿಮವೆಂದರೆ ಆ ವರ್ಷದ ಕಾಳಗ ಮುಗಿಯಿತೆಂಬ ಸುದ್ದಿ. ಇಂಥ ನೆಲವನ್ನು ಕಾದಂಬರಿಕಾರನು ಸಂಕೇತವಾಗಿ ಬಳಸಿದಾಗ ಆ ಸಂಕೇತಕ್ಕೆ ಬಲವು ಎಲ್ಲಿಂದ ಒದಗುತ್ತದೆಂಬುದು ವಿಚಾರಾರ್ಹವಾದ ವಿಷಯ. ಅಮೆರಿಕದ ಅರ್ನೆಸ್ಟ್ ಹೆಮಿಂಗ್ವೇ ೧೯೨೯ರಲ್ಲಿ ಪ್ರಕಟಿಸಿದ ‘ಎ ಫೇರ್‌ವೆಲ್ ಟು ಆರ್ಮ್ಸ್’ ಈ ವಿಚಾರಕ್ಕೆ ಬಹು ಅನುಕೂಲವಾದ ಗ್ರಂಥ. ಅದರ ಬೆಟ್ಟ ಬಯಲುಗಳನ್ನು ಕುರಿತು ವಿಸ್ತಾರವಾದ ಚರ್ಚೆ ನಡೆದಿದೆ. ಆ ಚರ್ಚೆಯಿಂದ ಹುಟ್ಟಿದ ಒಂದು ಸೂತ್ರವು ತರಗತಿಗಳಲ್ಲಿ ನೆಲೆಯೂರಿ, ಗ್ರಂಥವನ್ನು ಓದುವುದಕ್ಕೆ ಮೊದಲೇ ವಿದ್ಯಾರ್ಥಿಯ ಕೈಗೆ ಸಿಕ್ಕುವಂತಾಗಿದೆ.

ಕಥೆಯ ಸಾರಾಂಶ ಚಿಕ್ಕದು. ಫ್ರೆಡರಿಕ್ ಹೆನ್ರಿ ಎಂಬ ಅಮೆರಿಕದ ತರುಣನು ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ಸೇನೆ ಸೇರಿ, ಗಾಯಾಳುಗಳನ್ನು ಸಾಗಿಸುವ ವಾಹನದಳದಲ್ಲಿ ಲೆಫ್ಟಿನೆಂಟ್ ಆಗಿದ್ದಾನೆ. ಕ್ಯಾಥರಿನ್ ಬಾರ್ಕ್ಲೀ ಎಂಬ ಬ್ರಿಟಿಷ್ ದಾದಿಗೂ ಅವನಿಗೂ ಪ್ರೇಮವುಂಟಾಗುತ್ತದೆ. ಅವನು ಗಾಯಗೊಂಡು ಮಿಲಾನಿನ ಆಸ್ಪತ್ರೆ ಸೇರಿ, ಗುಣಹೊಂದಿ, ೧೯೧೭ರ ಶರತ್ಕಾಲದಲ್ಲಿ ರಣರಂಗಕ್ಕೆ ಮರಳುವ ಹೊತ್ತಿಗೆ ಕಪೊರೆಟೊ ಎಂಬಲ್ಲಿ ಇಟಲಿಯ ಸೇನೆ ಮುರಿದು ಹಿಮ್ಮೆಟ್ಟುತ್ತದೆ. ಹಿಮ್ಮೆಟ್ಟುವಾಗ ಸ್ವಪಕ್ಷದವರೇ ಅವನನ್ನು ಕೊಲ್ಲುವ ಪ್ರಸಂಗವೊದಗಲು, ಅವನು ಹೊಳೆಗೆ ಹಾರಿ ಪಾರಾಗಿ, ಗರ್ಭಿಣಿಯಾದ ಕ್ಯಾಥರಿನ್ನಳೊಡನೆ ಸರೋವರವನ್ನು ದಾಟಿ ಸ್ವಿಟ್ಸರ್‌ಲೆಂಡನ್ನು ಸೇರುತ್ತಾನೆ. ಅಲ್ಲಿ ಮಗು ಸತ್ತು ಹುಟ್ಟುತ್ತದೆ; ಕ್ಯಾಥರಿನ್ನಳೂ ಸಾಯುತ್ತಾಳೆ.

ಕಾರ್ಲೊಸ್ ಬೇಕರ್ ಎಂಬ ವಿದ್ವಾಂಸನು ೧೯೫೨ರಲ್ಲಿ ಪ್ರಕಟಿಸಿದ ತನ್ನ ಹೆಮಿಂಗ್ವೇ ವಿಮರ್ಶಾಗ್ರಂಥದಲ್ಲಿ ಈ ಕಥೆಗೆ ಬೆಟ್ಟ ಮತ್ತು ಬಯಲು ಎಂಬ ಎರಡು ಧ್ರುವಗಳನ್ನು ಗುರುತಿಸಿದನು. ಅವನ ಮತದಂತೆ ಬೆಟ್ಟವು ಮನೆ, ಪ್ರೇಮ, ಶಾಂತಿ, ದೈವಭಕ್ತಿಗಳ ಸ್ಥಾನ. ಬಯಲು ಯುದ್ಧ, ರೋಗ, ಮರಣಗಳ ಸ್ಥಾನ. ಮಳೆಯೆಂದರೆ ವಿಪತ್ತು ಎಂಬ ಮಾತೂ ಇದರ ಜತೆಗೆ ಸೇರಿ ಸೂತ್ರ ಪೂರ್ಣವಾಯಿತು. ಇ. ಎಂ. ಹ್ಯಾಲಿಡೇ ೧೯೫೬ರಲ್ಲಿಯೇ ಇದನ್ನು ಆಕ್ಷೇಪಿಸಿ, ಕಥೆಗಿಲ್ಲದ ಅಚ್ಚುಕಟ್ಟನ್ನು ಕಥೆಯ ಮೇಲೆ ಹೊರಿಸಿದಂತಾಯಿತೆಂದು ವಾದಿಸಿದನು. ಆದರೂ ಆಕ್ಷೇಪಕ್ಕಿಂತ ಸೂತ್ರಕ್ಕೇ ಆಯುಸ್ಸು ಹೆಚ್ಚು. ಬೇಕರನ ನೋಟದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ರೆಜಿಮೆಂಟಿನ ಪಾದ್ರಿಯ ಹುಟ್ಟೂರಾದ ಅಬ್ರುತ್ಸಿ ಸೀಮೆ, ಕಡೆಯಲ್ಲಿ ಪ್ರೇಮಿಗಳು ವಾಸಮಾಡುವ ಮೊಂತ್ರೂವಿನ ಬೆಟ್ಟದ ಮನೆ, ಇವೆರಡೂ ಅವನಿಗೆ ಸಾಕ್ಷಿಗಳು. ಕೊರತೆಯಿರುವುದು ಸಾಕ್ಷಿಗಳಲ್ಲಲ್ಲ, ಸ್ಥಳವನ್ನು ಗುಣದೊಡನೆ ಸಮೀಕರಿಸಿದ ಕೂಡಲೆ ಸ್ಥಳವು ಕಣ್ಣಿನಿಂದ ಮರೆಯಾಗಿಹೋಗುತ್ತದೆಂಬುದರಲ್ಲಿ.

ಗ್ರಂಥದ ಮೊದಲನೆಯ ಅಧ್ಯಾಯವನ್ನೇ ನೋಡಬಹುದು. ಅದು ಬಹು ಚಿಕ್ಕದು. ಆದರೆ ಇಡೀ ಕಥೆಯ ಬೀಜಗಳೆಲ್ಲ ಅದರಲ್ಲಿವೆ. ಬೇಸಗೆಯ ಕೊನೆ, ಹಳ್ಳಿಯ ಮನೆಯೊಂದರಿಂದ ಹೊಳೆಯೂ ಬಯಲೂ ಅದರಾಚೆ ಬೆಟ್ಟಗಳೂ ಕಾಣುತ್ತವೆ. ಹೊಳೆಯ ಪಾತ್ರದಲ್ಲಿ ಬಿಸಿಲಿಗೆ ಒಣಗಿ ಬೆಳ್ಳಗಾದ ಉರುಟುಕಲ್ಲುಗಳು, ಅವುಗಳ ನಡುವೆ ಕವಲುಕವಲಾಗಿ ಹರಿಯುವ ತಿಳಿನೀರು. ಸೈನ್ಯಗಳು ರಸ್ತೆಯಲ್ಲಿ ಸಾಗಿಹೋಗುತ್ತವೆ. ಎದ್ದ ಧೂಳು ಮರಗಳ ಮೇಲೆ ಕೂರುತ್ತದೆ. ಆ ವರ್ಷ ಎಲೆಗಳು ಬೇಗನೆ ಉದುರುತ್ತವೆ. ಬಯಲಿನಲ್ಲಿ ಬೆಳೆಯೂ ಹಣ್ಣಿನ ತೋಟಗಳೂ ಸಮೃದ್ಧವಾಗಿವೆ. ಬೆಟ್ಟಗಳಾದರೋ ಕಂದುಬಣ್ಣದವು, ಬೋಳಾದವು. ಕಾಳಗ ನಡೆಯುತ್ತಿರುವುದೂ ಅಲ್ಲಿಯೇ. ರಾತ್ರಿ ಫಿರಂಗಿಗಳ ಬೆಳಕು ಬೇಸಗೆಯ ಮಿಂಚಿನಂತೆ ಹೊಳೆಯುತ್ತದೆ, ಆದರೆ ಮಳೆ ಬರುವ ಸೂಚನೆಯಿಲ್ಲ.

ಸೂತ್ರವನ್ನು ನಂಬಿ ಬಂದ ಓದುಗನಿಗೆ ಇಲ್ಲಿಯೇ ತೊಡಕು. ಫಲವತ್ತಾದುದು ಬಯಲು, ಮರಣದ ತಾಣ ಬೆಟ್ಟ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಪ್ರಕೃತಿಗೆ ಮನುಷ್ಯನ ಭಾವವನ್ನು ಆರೋಪಿಸುವ ವಾಡಿಕೆಯನ್ನು ಇಂಗ್ಲೆಂಡಿನ ರಸ್ಕಿನ್ ೧೮೫೬ರಲ್ಲಿ ದೋಷವೆಂದು ಹೆಸರಿಟ್ಟು ಕರೆದನಷ್ಟೆ. ಈ ಅಧ್ಯಾಯದಲ್ಲಿ ಅಂಥ ಆರೋಪ ಲವಲೇಶವೂ ಇಲ್ಲ. ಎಲೆ ಮನುಷ್ಯನ ದುಃಖಕ್ಕಾಗಿ ಉದುರುವುದಿಲ್ಲ. ಸೈನ್ಯದ ಧೂಳನ್ನು ಹೊತ್ತು ಉದುರುತ್ತದೆ. ಎರಡನೆಯ ಅಧ್ಯಾಯದಲ್ಲಿ, ಗೊರಿಜಿಯಾ ಪಟ್ಟಣದಾಚೆಯ ಬೆಟ್ಟದ ಮೇಲಿದ್ದ ಓಕ್ ಮರಗಳ ಕಾಡು ಹಾಗೆಯೇ ಇಲ್ಲವಾಗಿದೆ. ಬುಡಗಳೂ ಮುರಿದ ಕಾಂಡಗಳೂ ಅಗೆದು ಹರಿದ ನೆಲವೂ ಉಳಿದಿವೆ. ಇಲ್ಲಿ ಪ್ರಕೃತಿ ಮನುಷ್ಯನಿಗೆ ಕನ್ನಡಿಯಾಗಿಲ್ಲ. ಅವನಂತೆಯೇ ಪೆಟ್ಟುತಿಂದ ಇನ್ನೊಂದು ಪಕ್ಷವಾಗಿದೆ. ಮಳೆಗಾಲ ಹತ್ತಿದಾಗ ಸೈನಿಕರು ಮೇಲಂಗಿಯೊಳಗೆ ತೋಟಾಗಳ ಚೀಲಗಳನ್ನು ಹೊತ್ತು ನಡೆಯುತ್ತಿರಲು, ನೋಡುವವನಿಗೆ ಅವರು ಆರು ತಿಂಗಳ ಬಸುರಿಯರಂತೆ ಕಾಣುತ್ತಾರೆ. ಕ್ಯಾಥರಿನ್ನಳ ಅಂತ್ಯವನ್ನು ಬಲ್ಲವನಿಗೆ ಈ ಉಪಮೆ ಎರಡನೆಯ ಓದಿನಲ್ಲಿ ಮಾತ್ರ ತನ್ನ ಪೂರ್ಣಾರ್ಥವನ್ನು ಕೊಡುತ್ತದೆ; ಮೊದಲ ಓದಿನಲ್ಲಿ ಅದು ಒದ್ದೆಯಾದ ಸೈನಿಕರ ಚಿತ್ರ ಮಾತ್ರ, ಮತ್ತು ಚಿತ್ರವಾಗಿ ಕರಾರುವಾಕ್ಕಾದುದು.

ಇದೇ ಅಧ್ಯಾಯದಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಭಾಷಾಸೂಕ್ಷ್ಮವಿದೆ. ಹೊಳೆಗೆ ಹೆಸರಿಲ್ಲ, ಹಳ್ಳಿಗೆ ಹೆಸರಿಲ್ಲ, ಬೆಟ್ಟಗಳಿಗೂ ಹೆಸರಿಲ್ಲ. ಆದರೆ ಇಂಗ್ಲಿಷಿನ ನಿಶ್ಚಿತ ಉಪಪದವನ್ನು ಹಚ್ಚಿ ಅವುಗಳೆಲ್ಲ ಓದುಗನಿಗೆ ಮೊದಲೇ ಪರಿಚಿತವಾದವೋ ಎಂಬಂತೆ ಹೇಳಿದೆ. ಕನ್ನಡದಲ್ಲಿ ಅಂಥ ಉಪಪದವಿಲ್ಲ. ‘ಒಂದು ಹೊಳೆ’ ಎಂದರೆ ಕಟ್ಟುಕಥೆಯ ಆರಂಭವಾಗುತ್ತದೆ. ಬರಿಯ ‘ಹೊಳೆ’ ಎಂದರೆ ಸಾಮಾನ್ಯ ನಿರೂಪಣೆಯಾಗುತ್ತದೆ. ‘ಆ ಹೊಳೆ’ ಎಂದರೆ, ಕೊಂಚ ಬಲವಂತವಾದರೂ, ಹೇಳುವವನು ನೆನಪಿನಿಂದ ಬಿಡಿಸಿಕೊಳ್ಳಲಾರದ ಒಂದೇ ಒಂದು ಹೊಳೆಯಾಗುತ್ತದೆ. ಭಾಷಾಂತರಕಾರನು ಈ ಮೂರರಲ್ಲಿ ಯಾವುದನ್ನು ಆರಿಸುತ್ತಾನೆಂಬುದರ ಮೇಲೆ ಅವನ ಭಾಷಾಂತರದ ಮಿಕ್ಕ ಭಾಗದ ಹದವೂ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. ಮೂರನೆಯದೇ ಸರಿ ಎಂದು ತೋರುತ್ತದೆ. ಸಂಕೇತಗಳ ಮಾತೆತ್ತುವ ಮೊದಲು ಈ ನೆಲವು ಒಬ್ಬನ ಅನುಭವದ ನೆಲವೆಂಬುದು ಅದರಿಂದ ಸ್ಥಾಪಿತವಾಗುತ್ತದೆ.

ಇನ್ನು ಬೆಟ್ಟಗಳ ವಿಚಾರ. ಗ್ರಂಥದಲ್ಲಿ ಮುಖ್ಯವಾಗಿ ನಾಲ್ಕು ಬೆಟ್ಟಸೀಮೆಗಳು ಬರುತ್ತವೆ. ಇಸೋಂಜೋ ನದಿಯ ರಣರಂಗದ ಬೆಟ್ಟಗಳನ್ನು ಹೇಳಿಯಾಯಿತು. ಪಾದ್ರಿಯ ಅಬ್ರುತ್ಸಿ ಎರಡನೆಯದು: ಚಳಿ, ಒಣಹವೆ, ಪುಡಿಪುಡಿಯಾದ ಹಿಮ, ಮೊಲದ ಹೆಜ್ಜೆಗುರುತು, ಮರ್ಯಾದೆಯುಳ್ಳ ರೈತರು. ಆದರೆ ಅಲ್ಲಿಗೆ ಕಥಾನಾಯಕನು ಹೋಗುವುದೇ ಇಲ್ಲ. ರಜೆಯಲ್ಲಿ ಹೋಗಬೇಕೆಂದಿದ್ದವನು ಪಟ್ಟಣಗಳ ಹೋಟೆಲುಗಳಲ್ಲಿ ಕುಡಿದು ಕಾಲಕಳೆದು ಬರುತ್ತಾನೆ. ಕಥೆಯಲ್ಲಿ ಅತ್ಯಂತ ನಿರ್ಮಲವಾದ ಬೆಟ್ಟವು ಬಾಯಿಮಾತಿನಲ್ಲಿ ಕೇಳಿದ ಬೆಟ್ಟವೆಂಬುದನ್ನು ಸೂತ್ರಕಾರರು ಸಾಕಷ್ಟು ಪರಿಗಣಿಸಿದಂತೆ ಕಾಣುವುದಿಲ್ಲ. ಮೂರನೆಯದು ಬೈನ್ಸಿಜ್ಜಾ ಪ್ರಸ್ಥಭೂಮಿ. ೧೯೧೭ರ ಆಗಸ್ಟ್ ತಿಂಗಳಲ್ಲಿ ಇಸೋಂಜೋ ತೀರದ ಹನ್ನೊಂದನೆಯ ಕದನದಲ್ಲಿ ಇಟಲಿಯವರು ಅಪಾರ ಪ್ರಾಣನಷ್ಟಕ್ಕೆ ಗುರಿಯಾಗಿ ಅದನ್ನು ಗೆದ್ದರು. ಹೆನ್ರಿ ಅಲ್ಲಿಗೆ ಹೋದಾಗ ಊಟದ ಸರಬರಾಜಿಗೇ ಗತಿಯಿಲ್ಲ. ಮಳೆಯೂ ಹಿಮವೂ ಬೆರೆತು ಸುರಿಯುತ್ತವೆ. ಕಡೆಯದು ಮೊಂತ್ರೂ.

ಬೈನ್ಸಿಜ್ಜಾದಲ್ಲಿ ನಡೆಯುವ ಸಂಭಾಷಣೆಯಲ್ಲಿ ಒಂದು ಮಾತು ಬರುತ್ತದೆ. ಗ್ರಂಥದ ಬೆಟ್ಟಗಳಿಗೆಲ್ಲ ಅದೇ ಕೀಲಿಕೈ. ಬೆಟ್ಟಗಳಲ್ಲಿ ನಡೆಸುವ ಯುದ್ಧದಲ್ಲಿ ತನಗೆ ನಂಬಿಕೆಯಿಲ್ಲವೆಂದು ಹೆನ್ರಿ ಹೇಳುತ್ತಾನೆ. ಒಂದು ಬೆಟ್ಟವನ್ನು ಇವರು ಕಿತ್ತುಕೊಂಡರೆ ಇನ್ನೊಂದನ್ನು ಅವರು ಕಿತ್ತುಕೊಳ್ಳುತ್ತಾರೆ. ನಿಜವಾದ ಕಾರ್ಯ ಮೊದಲಾದಾಗ ಎಲ್ಲರೂ ಬೆಟ್ಟದಿಂದ ಇಳಿಯಲೇಬೇಕಾಗುತ್ತದೆ, ಎಂಬುದು ಅವನ ಮಾತಿನ ತಾತ್ಪರ್ಯ. ಇದು ಯುದ್ಧತಂತ್ರವನ್ನು ಕುರಿತ ಸಾಮಾನ್ಯ ಅಭಿಪ್ರಾಯ. ಊಟದ ಮೇಜಿನ ಬಳಿ ಯಾವ ಅಧಿಕಾರಿಯಾದರೂ ಆಡಬಹುದಾದದ್ದು. ಆದರೆ ಅಕ್ಟೋಬರ್ ೨೪ರಂದು ಶತ್ರುವು ಕಪೊರೆಟೊ ಬಳಿ ಸೇನಾಪಂಕ್ತಿಯನ್ನು ಭೇದಿಸುತ್ತಲೂ ಇಟಲಿಯ ಸೈನ್ಯವೆಲ್ಲ ಬೆಟ್ಟದಿಂದ ಇಳಿದು ಬಯಲಿನ ಕೆಸರಿಗೆ ಬರುತ್ತದೆ. ಎರಡು ವರ್ಷಕ್ಕೂ ಮಿಗಿಲಾದ ಕಾಲದಲ್ಲಿ ಹನ್ನೊಂದು ಕದನಗಳನ್ನು ಹೂಡಿ ಏರಿದ ಬೆಟ್ಟಗಳನ್ನು ಕೆಲವೇ ದಿನಗಳಲ್ಲಿ ಇಳಿಯಬೇಕಾಯಿತು; ಸೆರೆಸಿಕ್ಕಿದವರೇ ಎರಡೂವರೆ ಲಕ್ಷಕ್ಕೆ ಮಿಕ್ಕಿದ್ದರು. ಕಥೆಯ ಐದನೆಯ ಭಾಗದಲ್ಲಿ, ಮೊಂತ್ರೂವಿನ ಮೇಲಣ ಮನೆಯಲ್ಲಿ ಚಳಿಗಾಲವನ್ನು ಸುಖವಾಗಿ ಕಳೆದ ಪ್ರೇಮಿಗಳು, ಮಾರ್ಚಿಯಲ್ಲಿ ಮಳೆ ಬಂದು ಹಿಮ ಕರಗಲು, ಹೆರಿಗೆಯ ಆಸ್ಪತ್ರೆಗೆ ಹತ್ತಿರವಾಗಲೆಂದು ಕೆಳಗೆ ಲೋಜಾನ್ ಪಟ್ಟಣಕ್ಕೆ ಬರುತ್ತಾರೆ. ಸೈನ್ಯವನ್ನು ಕುರಿತು ಆಡಿದ ಮಾತು ಸಂಸಾರಕ್ಕೂ ತಗಲಿತು. ಬೆಟ್ಟ ಒಳ್ಳೆಯದು, ಬಯಲು ಕೆಟ್ಟದ್ದು ಎಂಬ ಭೇದಕ್ಕಿಂತ ಈ ಇಳಿತವೇ ಗ್ರಂಥದಲ್ಲಿ ಆದ್ಯಂತವಾಗಿ ಹರಿದಿರುವ ರೇಖೆ. ಮೇಲೆ ನಿಲ್ಲುವುದು ಯಾರಿಗೂ ಸಾಧ್ಯವಿಲ್ಲ. ಬೆಟ್ಟದ ಹಿಮಕ್ಕೂ ಸಾಧ್ಯವಿಲ್ಲ.

ಹಿಮ, ಮಳೆ, ಹೊಳೆ ಇವು ಮೂರು ಪ್ರತ್ಯೇಕ ಸಂಕೇತಗಳಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಒಂದೇ ನೀರು ಮೇಲಿದ್ದಾಗ ಹಿಮ, ಇಳಿಯುವಾಗ ಮಳೆ, ಇಳಿದಮೇಲೆ ಹೊಳೆ. ಎರಡನೆಯ ಅಧ್ಯಾಯದಲ್ಲಿ ಹಿಮ ಬೀಳುವುದನ್ನು ಕಂಡ ಹೆನ್ರಿಗೆ ಆ ವರ್ಷದ ಮಟ್ಟಿಗೆ ಕಾಳಗ ಮುಗಿಯಿತೆಂದು ತಿಳಿಯುತ್ತದೆ. ಹಿಮವು ಶಾಂತಿಯ ‘ಸಂಕೇತ’ವಲ್ಲ, ಹಾದಿಗಳನ್ನು ಮುಚ್ಚಿ ಶಾಂತಿಯನ್ನು ನಿಜವಾಗಿ ತರುವ ಕಾರಣ. ಮಳೆಯೂ ಹಾಗೆಯೇ. ಮೊದಲನೆಯ ಅಧ್ಯಾಯದ ಕೊನೆಯಲ್ಲಿ ಬಿಡದ ಮಳೆಯೊಡನೆ ಕಾಲರಾ ಬರುತ್ತದೆ. ಸೈನ್ಯದಲ್ಲಿ ಏಳು ಸಾವಿರ ಜನ ಮಾತ್ರ ಸತ್ತರೆಂದು ಕಥಕನು ತಣ್ಣಗೆ ಹೇಳುತ್ತಾನೆ. ಹಿಮ್ಮೆಟ್ಟುವ ದಿನಗಳಲ್ಲಿ ಮಳೆಯಿಂದ ಹಾದಿ ಕೆಸರಾಗುತ್ತದೆ. ಕೆಸರಿನಲ್ಲಿ ವಾಹನ ಹೂತುಹೋಗುತ್ತದೆ. ಅದನ್ನು ಎತ್ತಲು ನೆರವಾಗದೆ ಓಡಿದ ಸಾರ್ಜೆಂಟನ ಮೇಲೆ ಹೆನ್ರಿ ಗುಂಡು ಹಾರಿಸುತ್ತಾನೆ. ಕಾರ್ಯಕಾರಣಗಳ ಈ ಸರಪಣಿಯಲ್ಲಿ ಒಂದು ಕೊಂಡಿಯೂ ಸಡಿಲವಿಲ್ಲ.

ಕನ್ನಡದ ಓದುಗನಿಗೆ ಮಳೆಯ ವಿಷಯದಲ್ಲಿ ಒಂದು ಸಂಸ್ಕಾರಭೇದ ಅಡ್ಡಬರುವುದುಂಟು. ನಮ್ಮ ಕಾವ್ಯಗಳಲ್ಲಿ ವರ್ಷಾಕಾಲವು ಶೃಂಗಾರಕ್ಕೆ, ಅದರಲ್ಲಿಯೂ ವಿರಹಕ್ಕೆ, ಉದ್ದೀಪನವಿಭಾವ; ಹೊಲದಲ್ಲಿ ಅದು ಅನ್ನ. ಕಪೊರೆಟೊ ಮುರಿದ ಅಕ್ಟೋಬರ್ ಕೊನೆಯ ವಾರವೆಂದರೆ ಇಲ್ಲಿಯ ರೈತನು ಸ್ವಾತಿಯ ಮಳೆಗೆ ಮುಗಿಲು ನೋಡುವ ಕಾಲ. ಕ್ಯಾಥರಿನ್ ತನಗೆ ಮಳೆಯೆಂದರೆ ಭಯ, ಕೆಲವು ಸಲ ಅದರಲ್ಲಿ ತಾನು ಸತ್ತುಬಿದ್ದಂತೆ ಕಾಣುತ್ತದೆ ಎಂದು ಹೇಳುವಾಗ, ಈ ಸಂಸ್ಕಾರದ ವಿದ್ಯಾರ್ಥಿಗೆ ಆ ಭಯವು ಕೃತಕವೆನಿಸಿದರೆ ತಪ್ಪಿಲ್ಲ. ಉತ್ತರ ಇಟಲಿಯ ಶರತ್ಕಾಲದ ಚಳಿಮಳೆಯನ್ನೂ ಅದರಲ್ಲಿ ನಿಂತ ಸೈನಿಕನನ್ನೂ ಅಧ್ಯಾಪಕನು ಮೊದಲು ಕಣ್ಣಿಗೆ ಕಟ್ಟಿಕೊಡದೆ ‘ಮಳೆ ಎಂದರೆ ಮರಣ’ ಎಂದು ಬರೆಸಿದರೆ ಆಗುವ ಪ್ರಯೋಜನವಾದರೂ ಏನು? ಅದು ಪೂರ್ತಿ ನಿಜವೂ ಅಲ್ಲ. ಸ್ತ್ರೇಸಾದಲ್ಲಿ ಹೆನ್ರಿಯ ದಸ್ತಗಿರಿಗೆ ಸಿದ್ಧತೆ ನಡೆದ ರಾತ್ರಿ ಬಿರುಗಾಳಿಯೂ ಮಳೆಯೂ ಎದ್ದಿರುತ್ತವೆ. ಸರೋವರದ ಮೇಲ್ದಿಕ್ಕಿಗೆ ಬೀಸುವ ಆ ಗಾಳಿಯೇ ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ಸುಮಾರು ೩೫ ಕಿಲೋಮೀಟರು ದೂರವನ್ನು ಹುಟ್ಟುಹಾಕಿ ದಾಟಿ ಪ್ರೇಮಿಗಳು ಬ್ರಿಸಾಗೊ ತಲಪುತ್ತಾರೆ. ಅಲ್ಲಿಯೂ ಹಗುರವಾದ ಮಳೆ. ಸ್ವಿಟ್ಸರ್‌ಲೆಂಡಿನ ಮಳೆಯೆಂದು ಕ್ಯಾಥರಿನ್ನಳಿಗೆ ಅದರ ಮೇಲೆ ಸಂತೋಷವೇ.

ಆ ಮಾತಿಗೆ ಸೇರಿಸಿ ಒಂದು ಆಕ್ಷೇಪವನ್ನೂ ಹೇಳಬೇಕು. ಹತ್ತೊಂಬತ್ತನೆಯ ಅಧ್ಯಾಯದ ಆ ಭಯದ ಸಂಭಾಷಣೆ ಗ್ರಂಥದ ದುರ್ಬಲ ಭಾಗಗಳಲ್ಲೊಂದು. ಅಲ್ಲಿಯ ತನಕ ಘಟನೆಗಳ ಮೂಲಕ ಮೆಲ್ಲನೆ ಕೂಡುತ್ತಿದ್ದ ಅರ್ಥವನ್ನು ಪಾತ್ರದ ಬಾಯಿಂದ ವಾಚ್ಯಮಾಡಿಸಿ, ಕರ್ತೃವು ತನ್ನ ಶಿಲ್ಪದ ಮೇಲೆ ತಾನೇ ಅವಿಶ್ವಾಸ ತೋರಿದಂತಾಗಿದೆ. ವ್ಯಂಗ್ಯವು ವಾಚ್ಯವಾದಾಗ ಕಾಂತಿಗುಂದುತ್ತದೆಂಬುದು ಆಲಂಕಾರಿಕರು ಬಹು ಹಿಂದೆಯೇ ಕಂಡ ವಿಷಯ. ಕಡೆಯ ಅಧ್ಯಾಯದಲ್ಲಿ ಉರಿಯುವ ಕೊರಡಿನ ಮೇಲಣ ಇರುವೆಗಳ ನೆನಪು ಇದಕ್ಕಿಂತ ಸಮರ್ಥವಾದುದಾದರೂ, ಅದಕ್ಕೂ ದೃಷ್ಟಾಂತದ ವಾಸನೆ ಸ್ವಲ್ಪ ಅಂಟಿದೆ.

ಹೊಳೆಯ ವಿಚಾರದಲ್ಲಿ ಅಂಥ ದೋಷವಿಲ್ಲ. ಮೊದಲನೆಯ ಅಧ್ಯಾಯದಲ್ಲಿ ಬಿಳಿಗಲ್ಲುಗಳ ನಡುವೆ ಕವಲೊಡೆದು ಹರಿದ ಹೊಳೆಯ ಚಿತ್ರವು ಮೂವತ್ತನೆಯ ಅಧ್ಯಾಯದಲ್ಲಿ ಬೇರೊಂದು ಹೊಳೆಯಾದ ತಾಲ್ಯಮೆಂತೊವಿನ ಮೇಲೆ ಮರಳುತ್ತದೆ. ಸಾಮಾನ್ಯವಾಗಿ ವಿಶಾಲವಾದ ಕಲ್ಲುಪಾತ್ರದಲ್ಲಿ ಸಣ್ಣ ಕವಲುಗಳಾಗಿ ಸೇತುವೆಯ ಕೆಳಗೆ ಎಲ್ಲಿಯೋ ಹರಿಯುವ ನೀರು, ಆಗ ಹಲಗೆಗಳಿಗೆ ತಗಲುವಷ್ಟು ಏರಿರುತ್ತದೆ. ಕಲ್ಲುಗಳೂ ತಿಳಿನೀರಿನ ಬಣ್ಣವೂ ಮುಳುಗಿಹೋಗಿವೆ. ಸೇತುವೆಯ ಆಚೆಯ ತುದಿಯಲ್ಲಿ ಸೇನಾಪೊಲೀಸರು ದಳದಿಂದ ಬೇರ್ಪಟ್ಟ ಅಧಿಕಾರಿಗಳನ್ನು ಹಿಡಿದು, ಒಂದೆರಡು ಪ್ರಶ್ನೆ ಕೇಳಿ, ಗುಂಡಿಟ್ಟು ಕೊಲ್ಲುತ್ತಿದ್ದಾರೆ. ದೇಶಭಕ್ತಿಯ ದೊಡ್ಡ ಮಾತುಗಳೆಲ್ಲ ಆ ಪ್ರಶ್ನೆಗಳಲ್ಲಿವೆ. ಹೆನ್ರಿ ನೀರಿಗೆ ಹಾರುತ್ತಾನೆ.

ಈ ಹಾರುವಿಕೆಯನ್ನು ದೀಕ್ಷಾಸ್ನಾನವೆಂದೂ ಪುನರ್ಜನ್ಮವೆಂದೂ ಹೇಳುವುದು ವಾಡಿಕೆಯಾಗಿದೆ. ಕನ್ನಡಿಗನಿಗೆ ಬೇರೊಂದು ನೆನಪು ಬರುವುದು ಸಹಜ: ರನ್ನನ ಗದಾಯುದ್ಧದಲ್ಲಿ ಸೈನ್ಯವೆಲ್ಲ ಅಳಿದ ಮೇಲೆ ದುರ್ಯೋಧನನು ವೈಶಂಪಾಯನ ಸರೋವರವನ್ನು ಹೊಗುತ್ತಾನೆ. ಎರಡೂ ಕಡೆ ಸೋತ ಪಕ್ಷದ ಯೋಧನು ನೀರನ್ನು ಮರೆಹೊಗುವ ಚಿತ್ರವೇ. ಆದರೆ ನೀರು ಮಾಡುವ ಕೆಲಸ ತದ್ವಿರುದ್ಧ. ಭೀಮನ ಗರ್ಜನೆಯನ್ನು ಕೇಳಿದ ದುರ್ಯೋಧನನು ತಣ್ಣೀರಿನೊಳಗಿದ್ದೂ ಬೆವರುತ್ತಾನೆ. ಅವನ ಛಲವನ್ನು ಸರೋವರವು ಆರಿಸಲಾರದು. ಅವನು ಎದ್ದುಬರುವುದು ಯುದ್ಧಕ್ಕಾಗಿಯೇ. ಹೆನ್ರಿಯ ಕೋಪವಾದರೋ ಕರ್ತವ್ಯದೊಡನೆ ಕೂಡಿ ಹೊಳೆಯಲ್ಲಿ ತೊಳೆದುಹೋಗುತ್ತದೆ. ಅವನು ದಡಕ್ಕೆ ಬಂದು ಅಂಗಿಯ ತೋಳಿನ ನಕ್ಷತ್ರಗಳನ್ನು ಕತ್ತರಿಸಿ ತೆಗೆಯುತ್ತಾನೆ. ವೀರಕಾವ್ಯಕ್ಕೂ ಈ ಶತಮಾನಗಳಾಚೆಯ ಗದ್ಯಕಥೆಗೂ ಇರುವ ಅಂತರವನ್ನು ಈ ಎರಡು ನೀರುಗಳಿಂದ ಅಳೆಯಬಹುದು. ಗಮನಿಸಬೇಕಾದ ಸಂಗತಿಯೇನೆಂದರೆ, ಹೊಳೆಯಲ್ಲಿರುವಷ್ಟು ಹೊತ್ತೂ ಹೆಮಿಂಗ್ವೇ ತೊಳೆಯುವ ಮಾತನ್ನೇ ಎತ್ತುವುದಿಲ್ಲ. ಅಲ್ಲಿರುವುದು ಕೊರೆಯುವ ಚಳಿ, ಬೂಟುಗಳ ಭಾರ, ಆಸರೆಗೆ ಸಿಕ್ಕಿದ ಒಂದು ಮರದ ತೊಲೆ, ಸರಿದುಹೋಗುತ್ತಿರುವ ದಡ. ಕೋಪ ತೊಳೆದುಹೋದ ಅರಿವು ಬರುವುದು ಅನಂತರ, ಸರಕುಬಂಡಿಯಲ್ಲಿ ಫಿರಂಗಿಗಳ ಪಕ್ಕದಲ್ಲಿ ಮಲಗಿದ್ದಾಗ.

ಇಷ್ಟು ಕರಾರುವಾಕ್ಕಾಗಿ ಬರೆದವನು ಆ ಹಿಮ್ಮೆಟ್ಟಿಕೆಯನ್ನು ಕಂಡವನಲ್ಲ. ಹೆಮಿಂಗ್ವೇ ಇಟಲಿಗೆ ಬಂದದ್ದು ೧೯೧೮ರ ಜೂನ್ ತಿಂಗಳಲ್ಲಿ, ರೆಡ್‌ಕ್ರಾಸ್ ಸಂಸ್ಥೆಯ ಪರವಾಗಿ; ಗಾಯಗೊಂಡದ್ದು ಅದೇ ಜುಲೈ ೮ರಂದು, ಪಿಯಾವೆ ನದಿಯ ಬಳಿಯ ಫೊಸ್ಸಾಲ್ತಾದಲ್ಲಿ. ಕಪೊರೆಟೊ ಆಗಿ ಎಂಟು ತಿಂಗಳಾಗಿತ್ತು. ಅವನು ಭೂಪಟಗಳನ್ನೂ ಯುದ್ಧಚರಿತ್ರೆಗಳನ್ನೂ ಬಳಸಿ ಆ ನೆಲವನ್ನು ಹೇಗೆ ಕಟ್ಟಿದನೆಂಬುದನ್ನು ಮೈಕೇಲ್ ರೆನಲ್ಡ್ಸ್ ೧೯೭೬ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾನೆ. ೧೯೨೨ರಲ್ಲಿ ಪತ್ರಿಕೆಯ ಬಾತ್ಮೀದಾರನಾಗಿ ಪೂರ್ವ ಥ್ರೇಸಿನಲ್ಲಿ ಗ್ರೀಕ್ ಜನರು ಮಳೆಯಲ್ಲಿ ಊರು ಬಿಟ್ಟು ಹೋಗುವುದನ್ನು ಅವನು ಕಂಡಿದ್ದನು. ಆ ಕೆಸರು ಈ ಕೆಸರಿಗೆ ಒದಗಿರಬೇಕು. ನೆಲವನ್ನು ಸಂಕೇತವಾಗಿ ಮಾತ್ರ ಬೇಕಾಗಿದ್ದವನಿಗೆ ಭೂಪಟದ ಹಂಗೇಕೆ?

ಇಪ್ಪತ್ತೇಳನೆಯ ಅಧ್ಯಾಯದ ಪ್ರಸಿದ್ಧವಾದ ಭಾಗವು ಇದಕ್ಕೆ ಉತ್ತರ. ಗೀನೋ ಎಂಬ ದೇಶಭಕ್ತನ ಮಾತು ಕೇಳಿದ ಹೆನ್ರಿಗೆ, ಪವಿತ್ರತೆ, ಕೀರ್ತಿ, ತ್ಯಾಗ ಮೊದಲಾದ ಭಾವವಾಚಕಗಳು ಲಜ್ಜೆಗೆಟ್ಟ ಮಾತುಗಳಾಗಿ ತೋರುತ್ತವೆ. ಊರುಗಳ ಹೆಸರು, ಹೊಳೆಗಳ ಹೆಸರು, ರಸ್ತೆಯ ಸಂಖ್ಯೆ, ತಾರೀಖು, ಇವಕ್ಕೆ ಮಾತ್ರ ಮಾನ ಉಳಿದಿದೆಯೆನಿಸುತ್ತದೆ. ಬೆಟ್ಟವನ್ನು ‘ಶಾಂತಿ’ಯಾಗಿ, ಹೊಳೆಯನ್ನು ‘ಪುನರ್ಜನ್ಮ’ವಾಗಿ ಮಾರ್ಪಡಿಸುವ ವಿಮರ್ಶಕನು ಹೆನ್ರಿ ಹೊರಗೆ ಹಾಕಿದ ಮಾತುಗಳನ್ನೇ ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಕರೆದಂತಾಗುತ್ತದೆ.

ಹಾಗೆಂದು ಈ ನಿಸರ್ಗವರ್ಣನೆಗೆ ನೇರ ಅರ್ಥವನ್ನು ಮೀರಿದ ಅರ್ಥವಿಲ್ಲವೆನ್ನುವಂತಿಲ್ಲ. ಆನಂದವರ್ಧನನು ಧ್ವನಿಯನ್ನು ಮೊದಲಿಗೆ ಎರಡಾಗಿ ವಿಭಾಗಿಸುತ್ತಾನೆ. ಒಂದರಲ್ಲಿ ವಾಚ್ಯಾರ್ಥವು ಕವಿಗೆ ಬೇಕಾದುದಲ್ಲ, ಅದು ಅವಿವಕ್ಷಿತವಾಚ್ಯ. ಇನ್ನೊಂದರಲ್ಲಿ ವಾಚ್ಯಾರ್ಥವೂ ಬೇಕು, ಬೇಕಾಗಿದ್ದುಕೊಂಡೇ ಅದು ಬೇರೊಂದರತ್ತ ಬಾಗಿರುತ್ತದೆ, ಅದು ವಿವಕ್ಷಿತಾನ್ಯಪರವಾಚ್ಯ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನಮಾಡುವಂತೆ ಎಂದು ಅವನು ಕೊಡುವ ಹೋಲಿಕೆ ಸಲ್ಲುವುದು ಇಲ್ಲಿಗೇ. ಬೇಕರನ ಓದು ಹೆಮಿಂಗ್ವೇಯ ಬೆಟ್ಟವನ್ನು ಮೊದಲನೆಯ ಬಗೆಗೆ ಸೇರಿಸುತ್ತದೆ. ಅದು ಸೇರುವುದು ಎರಡನೆಯದಕ್ಕೆ. ತಾಲ್ಯಮೆಂತೊ ತಾಲ್ಯಮೆಂತೊವಾಗಿಯೇ ಉಳಿದು, ಅದರ ನೀರು ಚಳಿಯಾಗಿಯೇ ಇದ್ದು, ಒಬ್ಬನ ಕರ್ತವ್ಯವನ್ನು ಕೊಂಡೊಯ್ಯುತ್ತದೆ. ಈ ಭೇದವನ್ನು ಹೇಳಲು ಪಾಶ್ಚಾತ್ಯ ವಿಮರ್ಶೆಯಲ್ಲಿ ಇಷ್ಟು ಸಂಕ್ಷೇಪವಾದ ಪರಿಭಾಷೆ ಸಿಕ್ಕುವುದು ದುರ್ಲಭ; ಇಂಗ್ಲಿಷ್ ಕಾದಂಬರಿಯನ್ನು ಬೋಧಿಸುವ ಅಧ್ಯಾಪಕರು ಇದನ್ನು ಕೈಬಿಟ್ಟಿರುವುದು ವಿಷಾದನೀಯ.

ಕಥೆಯ ಕೊನೆಯ ಪುಟದಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಸರೋವರವೂ ಕಾಣುವುದಿಲ್ಲ. ಹೆನ್ರಿ ಆಸ್ಪತ್ರೆಯಿಂದ ಹೊರಬಿದ್ದು ಮಳೆಯಲ್ಲಿ ಹೋಟೆಲಿಗೆ ನಡೆದುಹೋಗುತ್ತಾನೆ, ಅಷ್ಟೆ. ಈ ಮುಕ್ತಾಯವನ್ನು ಹೆಮಿಂಗ್ವೇ ಎಷ್ಟೋ ಬಗೆಯಾಗಿ ಬರೆದು ನೋಡಿದನು. ೨೦೧೨ರಲ್ಲಿ ಅಚ್ಚಾದ ಆವೃತ್ತಿಯಲ್ಲಿ ಅಂಥ ೪೭ ಮುಕ್ತಾಯಗಳು ಸೇರಿವೆ. ಅವುಗಳಲ್ಲಿ ಕೆಲವು ಸಾವನ್ನು ಕುರಿತು ಸಾಮಾನ್ಯೋಕ್ತಿಗಳನ್ನಾಡುತ್ತವೆ. ಅವನು ಉಳಿಸಿಕೊಂಡ ಪಾಠದಲ್ಲಿ ಮಳೆಯ ಬಗ್ಗೆ ಯಾವ ವಿವರಣೆಯೂ ಇಲ್ಲ. ಮಿಲಾನಿನಲ್ಲಿ ಕ್ಯಾಥರಿನ್ ಆಡಿದ ಭಯದ ಮಾತನ್ನು ಹೆನ್ರಿ ನೆನೆಯುವುದೂ ಇಲ್ಲ.